ಎರಡಡಿ ಟ್ಯಾಂಕ್: ನಿಯಾನ್ ಟೆಟ್ರಾ ಮಾಯ, ಏಂಜೆಲ್ ರೆಕ್ಕೆ ತುಂಡು

ಗಾಜಿನತೊಟ್ಟಿ:
ನಮಸ್ಕಾರ, ತುಮಕೂರಿನಿಂದ. ಮಗಳು ಹಟ ಹಿಡಿದಳು ಅಂತ 24×12×12 ಇಂಚಿನ ಮೀನಿನ ಟ್ಯಾಂಕ್ ತಂದೆ. ಅಂಗಡಿಯವರು "ಎಲ್ಲಾ ಹೊಂದಿಕೊಳ್ತವೆ, ಹಾಕಿ" ಅಂದರು. 2 ಏಂಜೆಲ್, 10 ನಿಯಾನ್ ಟೆಟ್ರಾ, 4 ಟೈಗರ್ ಬಾರ್ಬ್, ಗಾಜು ಕ್ಲೀನ್ ಮಾಡುತ್ತೆ ಅಂತ ಒಂದು ಸಕ್ಕರ್. ಮೂರು ತಿಂಗಳು ಏನೂ ತೊಂದರೆ ಇರಲಿಲ್ಲ. ಈಗ ಎರಡು ವಾರದಲ್ಲಿ ನಿಯಾನ್ 10 ಇದ್ದದ್ದು 4 ಆಗಿವೆ. ಸತ್ತ ಮೀನು ಒಂದೂ ಸಿಗಲ್ಲ, ಕಲ್ಲು ಎತ್ತಿ ನೋಡಿದೆ, ಫಿಲ್ಟರ್ ಬಿಚ್ಚಿ ನೋಡಿದೆ. ಏಂಜೆಲ್ ಹೊಟ್ಟೆ ಕೆಳಗೆ ಮೀಸೆ ಥರ ಎರಡು ಎಳೆ ಇರುತ್ತಲ್ಲ, ಅದು ಅರ್ಧಕ್ಕೆ ತುಂಡಾಗಿದೆ. ರೋಗವಾ? ಔಷಧಿ ಹಾಕಲಾ?

ಹಳೇಟ್ಯಾಂಕ್:
ಔಷಧಿ ಬಾಟಲಿ ಮುಟ್ಟಬೇಡಿ ಸದ್ಯಕ್ಕೆ. ಏಂಜೆಲ್ ಈಗ ಎಷ್ಟು ದೊಡ್ಡದಾಗಿವೆ? ನೀರು ಯಾವುದು?

ಗಾಜಿನತೊಟ್ಟಿ:
ತರುವಾಗ ಐದು ರೂಪಾಯಿ ನಾಣ್ಯದಷ್ಟು. ಈಗ ಅಂಗೈಯಲ್ಲಿ ಅರ್ಧ ತುಂಬುತ್ತೆ. ಬೋರ್‌ವೆಲ್ ನೀರು, ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತೆ. ನೀರು ಪರೀಕ್ಷೆ ಮಾಡೋ ಕಿಟ್ ತಂದು ನೋಡಿದೆ, ಅಮೋನಿಯಾ (ಮೀನಿನ ಗಲೀಜಿಂದ ಬರೋ ವಿಷ) ಸೊನ್ನೆ.

ಹಳೇಟ್ಯಾಂಕ್:
ಹಾಗಾದರೆ ಕಳ್ಳ ಒಳಗೇ ಇದ್ದಾನೆ ಸರ್. ಏಂಜೆಲ್ ನೋಡೋಕೆ ಸಾಧು, ಆದರೆ ಬಾಯಿಗೆ ಹಿಡಿಸುವ ಮೀನನ್ನು ಬಿಡುವುದಿಲ್ಲ. ನಾನೂ ಇದೇ ತಪ್ಪು ಮಾಡಿದ್ದೆ. ಒಂದು ದಿನ ಬೆಳಿಗ್ಗೆ ಆರಕ್ಕೆ ಲೈಟ್ ಹಾಕಿದರೆ, ಏಂಜೆಲ್ ಬಾಯಿಂದ ನಿಯಾನ್‌ನ ಕೆಂಪು ಬಾಲ ಮಾತ್ರ ಹೊರಗೆ, ಇನ್ನೂ ಅಲ್ಲಾಡುತ್ತಿತ್ತು. ಕತ್ತಲಲ್ಲಿ ನಿಯಾನ್ ಸುಮ್ನೆ ನಿಂತಿರುತ್ತವೆ, ಹಿಡಿಯೋದು ಸುಲಭ. ಮೂರು ತಿಂಗಳು ಸುಮ್ಮನಿದ್ದದ್ದು ಒಳ್ಳೆತನಕ್ಕಲ್ಲ, ಆಗ ಬಾಯಿ ಚಿಕ್ಕದಿತ್ತು ಅಷ್ಟೇ.

ಮೀಸೆ ಕತ್ತರಿಸಿದ್ದು ಟೈಗರ್ ಬಾರ್ಬ್. ಉದ್ದ ರೆಕ್ಕೆ ಕಂಡರೆ ಅವಕ್ಕೆ ಕೈ ತಡೆಯಲ್ಲ (ಕೈ ಎಲ್ಲಿದೆ ಅಂತ ಕೇಳಬೇಡಿ), ಗುಂಪು ಚಿಕ್ಕದಿದ್ದಷ್ಟೂ ಕಾಟ ಜಾಸ್ತಿ. ಇನ್ನು ಸಕ್ಕರ್ ಒಂದಡಿ ದಾಟಿ ಬೆಳೆಯುತ್ತೆ, ನಿಮ್ಮ ಟ್ಯಾಂಕಿನ ಅಗಲವೇ ಒಂದಡಿ, ತಿರುಗೋದು ಹೇಗೆ? ಗಾಜು ನೀವೇ ಒರೆಸಿಕೊಳ್ಳಬೇಕು.

ಅಂಗಡಿಯಲ್ಲಿ ಕಾಣೋದು ಮರಿ. ದೊಡ್ಡದಾದ ಮೇಲೆ ಎಷ್ಟಿಂಚು ಅಂತ ಕೇಳದೆ ಯಾವ ಮೀನನ್ನೂ ತರಬೇಡಿ. ನಿಮ್ಮದು ಲೆಕ್ಕಕ್ಕೆ 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 45-50 ಲೀಟರ್ ಅಷ್ಟೇ.

ಕೊಳದನೀರು:
ನಿಯಾನ್ ಇಟ್ಟುಕೊಂಡು ಉಳಿದಿದ್ದೆಲ್ಲ ವಾಪಸ್ ಕೊಟ್ಟರೆ? ನಿಯಾನ್‌ಗೆ ಮೆದು ನೀರು ಬೇಕು, ಈ ಗಡಸು ನೀರಿಗೆ ಆರ್‌ಓ ನೀರು ಬೆರೆಸಿದರಾಯ್ತು ಅಲ್ವಾ?

ಹಳೇಟ್ಯಾಂಕ್:
ಆಗುತ್ತೆ, ಆದರೆ ಪ್ರತಿ ಸಲ ನೀರು ಬದಲಿಸುವಾಗಲೂ ಅದೇ ಅಳತೆಯಲ್ಲಿ ಬೆರೆಸಬೇಕು, ಒಂದು ವಾರ ಸೋಮಾರಿತನ ಮಾಡಿದರೆ ಮೀನಿಗೆ ಏಟು. ಬರೀ ಆರ್‌ಓ ಹಾಕುವವರೂ ಇದ್ದಾರೆ, ಅದರಲ್ಲಿ ಖನಿಜ ಹೆಚ್ಚುಕಮ್ಮಿ ಇರಲ್ಲ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಯಾವಾಗ ಕುಸಿಯುತ್ತೋ ಹೇಳೋಕಾಗಲ್ಲ. ನೀರಿಗೆ ತಕ್ಕ ಮೀನು ತರೋದು ಸುಲಭ. ಕೆಟಲ್‌ನಲ್ಲಿ ಬಿಳಿ ಕಟ್ಟುವ ನೀರು ಗಪ್ಪಿಗೆ, ಪ್ಲಾಟಿಗೆ ಹಬ್ಬ. 8 ಗಂಡು ಗಪ್ಪಿ ತನ್ನಿ. ಹೆಣ್ಣು ಒಂದೂ ಬೇಡ, ತಂದರೆ ತಿಂಗಳಿಗೊಮ್ಮೆ ಬಾಣಂತನ. ಜೊತೆಗೆ ಬೇಕಿದ್ದರೆ 3 ಪ್ಲಾಟಿ, ಅವೂ ಗಂಡೇ ಇರಲಿ. ಒಟ್ಟಿಗೆ ಬೇಡ, ನಾಲ್ಕು ಇವತ್ತು, ನಾಲ್ಕು ಎರಡು ವಾರ ಬಿಟ್ಟು.

ಗಾಜಿನತೊಟ್ಟಿ:
ಒಂದು ತಿಂಗಳಾಯ್ತು, ಹೇಳೋಣ ಅಂತ ಬಂದೆ. ಏಂಜೆಲ್, ಬಾರ್ಬ್ ಅಂಗಡಿಯವರು ತಗೊಂಡರು, ದುಡ್ಡು ಕೊಡಲಿಲ್ಲ. ಉಳಿದ 4 ನಿಯಾನ್ ಪಕ್ಕದ ಬೀದಿಯವರ ಟ್ಯಾಂಕಿಗೆ ಹೋದವು, ಅಲ್ಲಿ ಆಗಲೇ ಒಂದು ಗುಂಪಿದೆ. 8 ಗಪ್ಪಿ ಆರಾಮಾಗಿವೆ, ಮಗಳು ಎಂಟಕ್ಕೂ ಹೆಸರಿಟ್ಟಿದ್ದಾಳೆ, ನನಗೆ ಒಂದೂ ಗುರುತು ಸಿಗಲ್ಲ. ಸಕ್ಕರ್ ಮಾತ್ರ ಯಾರಿಗೂ ಬೇಡ. ಊರಾಚೆ ಕೆರೆಗೆ ಬಿಡಲಾ?

ಹಳೇಟ್ಯಾಂಕ್:
ಅಯ್ಯೋ, ಬೇಡ! ಇದು ದಕ್ಷಿಣ ಅಮೆರಿಕದ ಮೀನು, ನಮ್ಮ ಕೆರೆಗೆ ಬಿದ್ದರೆ ಅಲ್ಲೇ ಮರಿ ಮಾಡಿ ತುಂಬಿಕೊಳ್ಳುತ್ತೆ. ದೊಡ್ಡ ಟ್ಯಾಂಕ್ ಇರುವವರು ಸಿಗುವವರೆಗೆ ಸೌತೆಕಾಯಿ ಬಿಲ್ಲೆ ಹಾಕುತ್ತಿರಿ, ನೀರು ವಾರಕ್ಕೆರಡು ಸಲ ಬದಲಿಸಿ. ಅದರ ಗಲೀಜು ಜಾಸ್ತಿ.