ಗ್ರಾಂಟ್‌ಗೆ ‘ಅನುದಾನ’ ಒಗ್ಗುತ್ತದಾ?

ಗೆಳೆಯರೆ,

ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಹಾವು ಹಿಡಿಯುವ ಗಿಡುಗದ ಹುಚ್ಚು. ಇಂಥ ಹಕ್ಕಿಗಳ ಅಧ್ಯಯನಕ್ಕೆ ಯಾರು ಹಣ ಕೊಡುತ್ತಾರೆ ಅಂತ ಕಾಲೇಜಿನವರಿಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡು ಮಾವ ಅಂದಳು. ಒಪ್ಪಿಕೊಂಡು ಸಿಕ್ಕಿಬಿದ್ದೆ.

ಅಮೆರಿಕದಲ್ಲಿ 1966ರಲ್ಲಿ ಶುರುವಾದ ರಾಪ್ಟರ್ ರಿಸರ್ಚ್ ಫೌಂಡೇಶನ್ ಇದೆ. ರಾಪ್ಟರ್ ಅಂದರೆ ಹದ್ದು, ಗಿಡುಗ, ಗೂಬೆಯಂಥ ಹಕ್ಕಿಗಳು. ಅದು ಡೀನ್ ಅಮಡಾನ್ ಎನ್ನುವವರ ಹೆಸರಿನಲ್ಲಿ ಕೊಡುವ ಗ್ರಾಂಟ್, ಈ ಹಕ್ಕಿಗಳು ಎಲ್ಲೆಲ್ಲಿವೆ, ಯಾವ ಗುಂಪಿಗೆ ಸೇರುತ್ತವೆ ಎಂದು ಹುಡುಕುವವರಿಗೆ. ಲೆಸ್ಲಿ ಬ್ರೌನ್ ಹೆಸರಿನದು ಆಫ್ರಿಕಾದ ಹಕ್ಕಿಗಳ ಕೆಲಸಕ್ಕೆ. ಎರಡೂ ಕೆಲಸಕ್ಕೆ ಮೊದಲು ಕೈಗೆ ಬರುವ ಹಣ. ಆಂಡರ್ಸನ್ ಅವಾರ್ಡ್ ಹಾಗಲ್ಲ. ಸಮ್ಮೇಳನದಲ್ಲಿ ಚೆನ್ನಾಗಿ ವಿಷಯ ಮಂಡಿಸಿದ ವಿದ್ಯಾರ್ಥಿಗೆ, ಅಂದರೆ ಕೆಲಸ ಆದಮೇಲೆ. ಅದಕ್ಕೆ ‘ಪ್ರಶಸ್ತಿ’ ಸಾಕು. ತಕರಾರು ಇರುವುದು ಗ್ರಾಂಟ್‌ಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದರದು.

‘ಅನುದಾನ’ ಅಂದರೆ ನಮ್ಮ ಕಡೆ ಸರ್ಕಾರದ ದುಡ್ಡು. ರಸ್ತೆಗೆ ಬಂತು, ಶಾಲೆಗೆ ಬಂತು ಅಂತೀವಲ್ಲ, ಅದು. ‘ಸಹಾಯಧನ’ ಅಂದ ಕೂಡಲೇ ತೋಟದ ಸ್ಪ್ರಿಂಕ್ಲರ್ ಕಣ್ಣಿಗೆ ಬರುತ್ತದೆ. ‘ಮುಂಗಡ’ ಅನ್ನೋಣವೆಂದರೆ ಅಡಿಕೆ ಮಂಡಿಯಲ್ಲಿ ಅದನ್ನು ತೀರಿಸಲೇಬೇಕು! ‘ದತ್ತಿ’ ನನಗೆ ಇಷ್ಟ. ಯಾರದೋ ನೆನಪಿಗೆ ಪುದುವಟ್ಟು ಇಟ್ಟು, ಬಡ್ಡಿಯಲ್ಲಿ ಉಪನ್ಯಾಸ, ಬಹುಮಾನ ನಡೆಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಆದರೆ ಹಣ ಕೆಲಸಕ್ಕೆ ಮೊದಲೋ, ಆಮೇಲೋ ಎನ್ನುವುದು ಅದರಲ್ಲಿ ತಿಳಿಯುವುದಿಲ್ಲ.

ಹಳಗನ್ನಡದಲ್ಲೂ ಹುಡುಕಿದೆ. ಹಲ್ಮಿಡಿ ಶಾಸನದಲ್ಲಿ ‘ಬಾಳ್ಗಳ್ಚು’ ಇದೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಯುದ್ಧದಲ್ಲಿ ಗೆದ್ದುಬಂದ ವಿಜ ಅರಸನಿಗೆ ಊರುಗಳನ್ನು ಕೊಟ್ಟದ್ದು. ಕಾಳಗದಲ್ಲಿ ಸತ್ತವನ ಮನೆಯವರಿಗೆ ಭೂಮಿ ಕೊಡುವ ‘ನೆತ್ತರುಗೊಡಗೆ’ಯೂ ಹಾಗೇ. ಕಾಣುವುದಕ್ಕೆ ಗ್ರಾಂಟ್, ಆದರೆ ಕೊಟ್ಟದ್ದು ರಕ್ತ ಹರಿದ ಮೇಲೆ. ಇನ್ನೂ ಕಾಡಿಗೇ ಇಳಿಯದ ಹುಡುಗಿಗೆ ಇದು ಹೊಂದುವುದಿಲ್ಲ ಅಲ್ವಾ?

ಸದ್ಯಕ್ಕೆ ‘ಅಧ್ಯಯನ ನೆರವು’ ಅಂತ ಹಾಕಿದ್ದೇನೆ. ಸ್ವಲ್ಪ ಸಪ್ಪೆ.

ಹಾಗೇ ಇನ್ನೊಂದು. ರಾಪ್ಟರ್‌ಗೆ ‘ಬೇಟೆಹಕ್ಕಿ’ ಅಂತ ಬರೆದು ಪಕ್ಕದ ಮನೆಯ ಹೆಗಡೆಯವರಿಗೆ ತೋರಿಸಿದೆ. “ಕಾಡುಕೋಳಿಯಾ?” ಅಂದರು. ನಾವು ಬೇಟೆಯಾಡಿ ತಿನ್ನುವ ಹಕ್ಕಿಯೂ ‘ಬೇಟೆಹಕ್ಕಿ’ಯೇ ಆಗಿಬಿಡುತ್ತದೆ. ಮೇಲಾಗಿ ರಣಹದ್ದು ಸತ್ತದ್ದನ್ನು ತಿನ್ನುವುದು, ಅದಕ್ಕೆಲ್ಲಿಯ ಬೇಟೆ? ಕೊನೆಗೆ ‘ಹದ್ದು-ಗಿಡುಗ-ಗೂಬೆಗಳು’ ಅಂತ ಉದ್ದಕ್ಕೆ ಬರೆದೆ. ಒಂದೇ ಮಾತಿನಲ್ಲಿ ಹೇಳುವ ಪದ ನಿಮ್ಮ ಕಡೆ ಇದೆಯಾ?