ಲೆಕ್ಕದ ಪ್ರಕಾರ ಸಿಗ್ನಲ್ ಸಮಯ ಸಾಕು, ಆದರೂ ಜನ ನಡುರಸ್ತೆಯಲ್ಲೇ ಸಿಕ್ಕಿಬೀಳುತ್ತಾರೆ. ಏಕೆ?

ದಾರಿಹೋಕ:
ನಾಲ್ಕು ರಸ್ತೆ ಕೂಡುವ ಜಂಕ್ಷನ್. ಎಲ್ಲವೂ 14 ಮೀ. ಅಗಲ, ಡಿವೈಡರ್ ಇಲ್ಲ, ಮೂಲೆಗಳಲ್ಲಿ ಫುಟ್‌ಪಾತ್ ಅಂಚು ಬಾಗುವ ತ್ರಿಜ್ಯ 12 ಮೀ. ಪಾದಚಾರಿ ಹಸಿರು, ಮಿನುಗುವ ಹೊತ್ತೂ ಸೇರಿ 18 ಸೆಕೆಂಡ್. ಸೆಕೆಂಡಿಗೆ 1.2 ಮೀ. ನಡಿಗೆ ಎಂದರೆ 12 ಸೆಕೆಂಡ್ ಸಾಕಲ್ಲವೇ? ಆದರೂ ವಯಸ್ಸಾದವರು ಅರ್ಧದಾರಿಯಲ್ಲೇ ನಿಲ್ಲುತ್ತಾರೆ. ಎರಡೂ ಬದಿ ಪಾರ್ಕಿಂಗ್, ಅದರ ಪಕ್ಕಕ್ಕೆ ಬಳಿದ 1.2 ಮೀ. ಸೈಕಲ್ ಪಟ್ಟಿಯೊಳಗೆ ಯಾರೂ ಬರುವುದಿಲ್ಲ. ಹಣ ಕಡಿಮೆ; ಮೊದಲು ಯಾವುದಕ್ಕೆ ಕೈಹಾಕುವುದು?

ಮೂಲೆಗಲ್ಲು:
ಸಿಗ್ನಲ್ ಮುಟ್ಟುವ ಮೊದಲು ಟೇಪ್ ಹಿಡಿದು ಅಳೆಯಿರಿ. 14 ಮೀ. ಎನ್ನುವುದು ಜಂಕ್ಷನ್‌ನಿಂದ ಆಚೆಗಿನ ಅಗಲ. ಜನ ದಾಟುವುದು ಫುಟ್‌ಪಾತ್‌ನ ನೇರಕ್ಕೆ, ಅಂದರೆ ಮೂಲೆ ಬಾಯಿ ಅಗಲಿಸಿದ ಜಾಗದಲ್ಲಿ. ಅವರು ಕರ್ಬ್‌ನಿಂದ (ಫುಟ್‌ಪಾತ್‌ನ ಅಂಚುಗಲ್ಲಿನಿಂದ) 1 ಮೀ. ಒಳಗೆ ನಡೆಯುತ್ತಾರೆ ಎಂದುಕೊಂಡರೆ, 12 ಮೀ. ತ್ರಿಜ್ಯ ಒಂದೊಂದು ಬದಿಗೂ 7 ಮೀ. ಚಿಲ್ಲರೆ ಸೇರಿಸುತ್ತದೆ. ಒಟ್ಟು 28 ಮೀ.; ನಿಮ್ಮದೇ ಲೆಕ್ಕದಲ್ಲಿ 24 ಸೆಕೆಂಡ್. ತ್ರಿಜ್ಯ 4 ಮೀ.ಗೆ ಇಳಿಸಿದರೆ ಅದೇ ದಾರಿ ಸುಮಾರು 17 ಮೀ., 14 ಸೆಕೆಂಡ್.

ಝೀಬ್ರಾವನ್ನೇ ಹಿಂದಕ್ಕೆ, 14 ಮೀ. ಇರುವಲ್ಲಿಗೆ ಒಯ್ಯುವ ಉಪಾಯ ಸುಲಭವಾಗಿ ಹೊಳೆಯುತ್ತದೆ. ಆದರೆ ಜನ ಸುತ್ತು ಹಾಕುವುದಿಲ್ಲ, ರೇಲಿಂಗ್ ನಿಲ್ಲಿಸಿದರೆ ದಾಟಿಕೊಂಡು ಹೋಗುತ್ತಾರೆ.

ಮೂಲೆ ಬಿಗಿಯಾದರೆ ತಿರುಗುವ ವಾಹನವೂ ನಿಧಾನಿಸಲೇಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ, ಚಾಲಕ ಎಚ್ಚೆತ್ತು ಬ್ರೇಕ್ ತುಳಿಯುವ ಒಂದು ಸೆಕೆಂಡಿನಲ್ಲೇ ವಾಹನ 14 ಮೀ. ಸಾಗಿರುತ್ತದೆ. 30ರಲ್ಲಿ ಬರುವ ವಾಹನ ಒಣ ರಸ್ತೆಯಲ್ಲಿ ಅಷ್ಟು ದೂರದೊಳಗೆ ನಿಂತೇಬಿಡುತ್ತದೆ.

ಉದ್ದಗಾಡಿ:
ಸರಿ, ಆದರೆ 4 ಮೀ. ಕರ್ಬ್ ಕಟ್ಟಿಬಿಟ್ಟರೆ ಮೊದಲ ವಾರವೇ ಬಸ್ ಅದನ್ನು ಒಡೆಯುತ್ತದೆ. ಉದ್ದ ವಾಹನದ ಹಿಂದಿನ ಒಳಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಮೂಲೆ ಕತ್ತರಿಸಿಕೊಂಡು ಬರುತ್ತದೆ. ದಾರಿ ಎರಡಿವೆ. ಅಡ್ಡರಸ್ತೆಯ ಸ್ಟಾಪ್ ಲೈನ್ 4–5 ಮೀ. ಹಿಂದಕ್ಕೆ ಸರಿಸಿ, ಬಸ್ ಎದುರು ಲೇನ್‌ಗೆ ಸ್ವಲ್ಪ ನುಗ್ಗಿ ತಿರುಗಲಿ. ಅದೂ ಸಾಲದಿದ್ದರೆ ಮೂಲೆಯ ಸುತ್ತ 50 ಮಿ.ಮೀ. ಎತ್ತರಕ್ಕೆ ಒರಟು ಕಲ್ಲು ಹಾಸಿ: ಕಾರು ಹತ್ತಲು ಹಿಂಜರಿಯುತ್ತದೆ, ಬಸ್ಸಿನ ಚಕ್ರ ಹತ್ತಿ ಇಳಿಯುತ್ತದೆ. ಅಪಾಯ ಇರುವುದೂ ಇಲ್ಲೇ, ಜನ ಅದನ್ನು ಫುಟ್‌ಪಾತ್ ಎಂದುಕೊಂಡು ಅದರ ಮೇಲೆ ನಿಲ್ಲುತ್ತಾರೆ. ಆದ್ದರಿಂದ ಬೇರೆ ಬಣ್ಣದ ಕಲ್ಲು ಬಳಸಿ, ನಿಜವಾದ ಫುಟ್‌ಪಾತ್ ಅಂಚಿಗೆ ಬೊಲ್ಲಾರ್ಡ್ (ಗಿಡ್ಡ, ಗಟ್ಟಿ ಕಂಬ) ನಿಲ್ಲಿಸಿ.

ಕಾಂಕ್ರೀಟ್‌ಗೆ ಮೊದಲು ಬಣ್ಣ ಬಳಿದು, 1.5 ಮೀ.ಗೊಂದು ಬಾಗುವ ಕಂಬ ನೆಟ್ಟು ನೋಡಿ. ಪದೇ ಪದೇ ಬೀಳುವ ಕಂಬ ಎಲ್ಲಿದೆಯೋ ಅಲ್ಲೇ ನಿಮ್ಮ ಗೆರೆ ತಪ್ಪಿದೆ. ಅಗ್ನಿಶಾಮಕ ವಾಹನವನ್ನೂ ಒಮ್ಮೆ ಕರೆಸಿ ತಿರುಗಿಸಿ ನೋಡಿಬಿಡಿ.

ಸಿಗ್ನಲ್ ಪೆಟ್ಟಿಗೆ:
17 ಮೀ. ಆದಮೇಲೂ, ಸೆಕೆಂಡಿಗೆ 0.9 ಮೀ. ನಡೆಯುವವರಿಗೆ 19 ಸೆಕೆಂಡ್ ಬೇಕು. ನಿಮ್ಮ 18 ಸಾಲದು, 22 ಕೊಡಿ. ಪಾದಚಾರಿಗೆ ಹಸಿರು ಬಿದ್ದು 4–5 ಸೆಕೆಂಡ್ ಕಳೆದ ಮೇಲೆ ವಾಹನಕ್ಕೆ ಹಸಿರು ಬೀಳಲಿ. ಅಷ್ಟರಲ್ಲಿ ಜನ ರಸ್ತೆಯ ಮೇಲಿದ್ದು ತಿರುಗುವ ಚಾಲಕನ ಕಣ್ಣಿಗೆ ಬೀಳುತ್ತಾರೆ. ಖರ್ಚು ಬಹುತೇಕ ಇಲ್ಲ, ಸಿಗ್ನಲ್ ನಡೆಸುವ ಕಂಟ್ರೋಲರ್‌ನಲ್ಲಿ ಬದಲಾಯಿಸಿದರೆ ಆಯಿತು. ಆದರೆ ಫ್ರೀ ಲೆಫ್ಟ್ (ಕೆಂಪು ಇದ್ದಾಗಲೂ ಎಡಕ್ಕೆ ತಿರುಗಲು ಬಿಡುವುದು) ಉಳಿಸಿಕೊಂಡರೆ ಇದೆಲ್ಲ ವ್ಯರ್ಥ.

ರಸ್ತೆಯ ನಡುವೆ ನಿಂತು ಕಾಯಲು ದ್ವೀಪ ಹಾಕುವುದಾದರೆ ದಾಟುವ ದಿಕ್ಕಿನಲ್ಲಿ 2 ಮೀ. ಜಾಗ ಬೇಕು, ಸೈಕಲ್ಲೇ ಸುಮಾರು 1.8 ಮೀ. ಉದ್ದ. ದಾಟುವ ಭಾಗ ರಸ್ತೆಯ ಮಟ್ಟದಲ್ಲೇ ಇರಲಿ, ಮೆಟ್ಟಿಲು ಬೇಡ.

ಎರಡುಗಾಲಿ:
ಆ 2 ಮೀ. ಎಲ್ಲಿಂದ ಬರಬೇಕು? ಒಂದು ಬದಿಯ ಪಾರ್ಕಿಂಗ್ ಹೋಗಲೇಬೇಕು. 14 ಮೀ.ಯನ್ನು ಹೀಗೆ ಹಂಚಿ: ಸೈಕಲ್ 2, ಖಾಲಿ ಪಟ್ಟಿ 0.8, ಪಾರ್ಕಿಂಗ್ 2.2, ಎರಡು ಲೇನ್ ತಲಾ 3.2, ಕಂಬಗಳ ಪಟ್ಟಿ 0.6, ಸೈಕಲ್ 2. ಈಗಿನ ಪಟ್ಟಿ ಇರುವುದು ಕಾರಿನ ಬಾಗಿಲು ತೆರೆಯುವ ಜಾಗದಲ್ಲಿ. ಸೈಕಲ್‌ನವರು ಅದನ್ನು ಬಿಟ್ಟು ಓಡಿಸುವುದೇ ಸರಿ. ಜಂಕ್ಷನ್‌ಗೆ 10 ಮೀ. ಮುಂಚೆಯೇ ಪಾರ್ಕಿಂಗ್ ನಿಲ್ಲಿಸಿದರೆ ನೋಟ ತೆರೆಯುತ್ತದೆ, ಉಳಿದ 3 ಮೀ.ಯಲ್ಲಿ ದ್ವೀಪವೂ ಕೂರುತ್ತದೆ.

ಮೇಲಿನವರು ಬಿಟ್ಟದ್ದು ಒಂದಿದೆ: ಸೈಕಲ್ ಪಟ್ಟಿ ಕರ್ಬ್ ಪಕ್ಕಕ್ಕೆ ಬಂದರೆ ವಾಹನಗಳು ಅದರ ಹೊರಗಿನಿಂದ ತಿರುಗುತ್ತವೆ. ಕರ್ಬ್ 4 ಮೀ. ಇದ್ದರೂ ಕಾರಿಗೆ ಸಿಗುವ ತಿರುವು ಮತ್ತೆ ಅಗಲ. ಮೂಲೆಯಲ್ಲಿ, ಸೈಕಲ್ ಪಟ್ಟಿಯ ಹೊರಗೆ ಒಂದು ಸಣ್ಣ ದ್ವೀಪ ಬೇಕೇ ಬೇಕು.

ಪಟ್ಟಿಯ ಬಾಯಿಗೆ ಬೊಲ್ಲಾರ್ಡ್ ಅಂತರ 1.5 ಮೀ. ಕಾರು ತೂರುವುದಿಲ್ಲ, ವೀಲ್‌ಚೇರ್ ತೂರುತ್ತದೆ. ಮೋಟರ್ ಬೈಕೂ ತೂರುತ್ತದೆ. ಅದನ್ನು ತಡೆಯುವ ಗೇಟು ವೀಲ್‌ಚೇರನ್ನೂ ತಡೆಯುತ್ತದೆ, ಹಾಗಾಗಿ ಅದು ಪೊಲೀಸರ ಕೆಲಸ.

ದಾರಿಹೋಕ:
ಈಗ ಅಳೆದೆ, 27 ಚಿಲ್ಲರೆ ಬಂತು! ಮೊದಲು ಕಂಟ್ರೋಲರ್, ಆಮೇಲೆ ಬಣ್ಣ, ಕಂಬ. ಝೀಬ್ರಾವನ್ನು ಎತ್ತರಿಸುವುದು?

ಮೂಲೆಗಲ್ಲು:
ಸದ್ಯ ಪಕ್ಕದ ಸಣ್ಣ ರಸ್ತೆಗಳ ಬಾಯಲ್ಲಿ ಮಾತ್ರ. ಎತ್ತರ 100 ಮಿ.ಮೀ., ಇಳಿಜಾರು 1:10ರಿಂದ 1:15. ಹಾಳಾಗುವುದು ನೀರಿನಿಂದ. ಅದು ಅಡ್ಡಗಟ್ಟೆಯಾಗುವುದರಿಂದ ನೀರು ಬರುವ ಕಡೆಗೇ ಚರಂಡಿ ಬಾಯಿ ಇಡಿ, ದಾಟಿದ ಮೇಲಲ್ಲ. ಜಾಲರಿಯ ಕಂಬಿಗಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡವಾಗಿರಲಿ.