ಪದ ಬೇಕು: ಯಾವ ವರ್ಗವೂ ಭಾಗಿಸದ ಸಂಖ್ಯೆಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಸಂಖ್ಯೆಗಳ ಕುರಿತ ಭಿತ್ತಿಪತ್ರವೊಂದನ್ನು ಕನ್ನಡಿಸುತ್ತಿದ್ದೇನೆ, ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. 510510ರ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಇದು ಮೊದಲ ಏಳು ಅವಿಭಾಜ್ಯಗಳ ಗುಣಲಬ್ಧ: 2 × 3 × 5 × 7 × 11 × 13 × 17. ಯಾವುದೂ ಎರಡು ಸಲ ಬಂದಿಲ್ಲವಾದ್ದರಿಂದ, 1ನ್ನು ಬಿಟ್ಟರೆ ಯಾವ ವರ್ಗಸಂಖ್ಯೆಯೂ ಇದನ್ನು ಶೇಷವಿಲ್ಲದೆ ಭಾಗಿಸುವುದಿಲ್ಲ. ಇಂಗ್ಲಿಷಿನವರು ಸ್ಕ್ವೇರ್‌ಫ್ರೀ ಎನ್ನುತ್ತಾರೆ. 'ವರ್ಗರಹಿತ' ಎಂದು ಬರೆದೆ. ಓದಿದವರಿಗೆ ವರ್ಗರಹಿತ ಸಮಾಜ ನೆನಪಾಯಿತು. 'ಅವರ್ಗೀಯ' ಸರಿಹೋದೀತೇ?

ಇನ್ನೊಂದು: ಇದರ 128 ಭಾಜಕಗಳಲ್ಲಿ ಇದನ್ನೇ ಬಿಟ್ಟು ಉಳಿದವನ್ನು ಕೂಡಿದರೆ 12,31,314, ಸಂಖ್ಯೆಗಿಂತ ಹೆಚ್ಚು. ಅದಕ್ಕೆ 'ಸಮೃದ್ಧ ಸಂಖ್ಯೆ' ಎಂದಿದ್ದೇನೆ.

> 'ಅವರ್ಗೀಯ' ಸರಿಹೋದೀತೇ?

ಕೂಡದು. ಯ ರ ಲ ವ ಶ ಷ ಸ ಹ ಳ ಇರುವಾಗ ಆ ಪದ ಖಾಲಿಯಿಲ್ಲ. ಅರ್ಥವೂ ತಪ್ಪು: 12 ತಾನು ವರ್ಗಸಂಖ್ಯೆಯಲ್ಲ, ಆದರೂ 4 ಅದನ್ನು ಭಾಗಿಸುತ್ತದೆ. ಆರ್ಯಭಟ 499ರಲ್ಲೇ ಸಮಚತುರಶ್ರಕ್ಕೂ ಸಮಾನವಾದ ಎರಡರ ಗುಣಲಬ್ಧಕ್ಕೂ 'ವರ್ಗ' ಎಂದ. ಧಾತು 'ವೃಜ್', ಬೇರೆಯಾಗಿಸು, ತೊರೆ ಎಂದು. ವರ್ಜ್ಯವೂ ಅದರಿಂದಲೇ. ಆದ್ದರಿಂದ 'ವರ್ಗವರ್ಜಿತ' ಎನ್ನಿ. ಎರಡು ಪದಕ್ಕೂ ಒಂದೇ ಬೇರು, ಇದಕ್ಕಿಂತ ಗಟ್ಟಿಯಾದ ಸಮಾಸ ಸಿಗದು.

> 'ವರ್ಗವರ್ಜಿತ' ಎನ್ನಿ

ಒಪ್ಪುವುದಿಲ್ಲ. ಇದನ್ನು ಓದಲು ಮಕ್ಕಳು ಸಂಸ್ಕೃತ ನಿಘಂಟು ತೆರೆಯಬೇಕು. 'ಚೌಕ ಹೊಗದ ಎಣಿಕೆ' ಎನ್ನಿ. ಇಲ್ಲವೆನ್ನಲು ಕನ್ನಡದ ಕ್ರಿಯಾಪದಕ್ಕೇ ರೂಪವಿದೆ: ಬಾರದ, ಸಲ್ಲದ, ಹೊಗದ. ರಹಿತ, ಮುಕ್ತ, ವರ್ಜಿತ ಎಂದು ಬಾಲ ಅಂಟಿಸಿದಷ್ಟೂ ಆ ರೂಪ ನಮ್ಮ ಬರಹದಿಂದ ಜಾರಿಹೋಗುತ್ತಿದೆ. ಅವಿಭಾಜ್ಯವನ್ನು 'ಒಡೆಯಲಾಗದ ಎಣಿಕೆ' ಎಂದಿದ್ದರೆ ಯಾರಿಗೆ ತಿಳಿಯುತ್ತಿರಲಿಲ್ಲ?

> ಚೌಕ ಹೊಗದ ಎಣಿಕೆ

ಚೌಕವೂ 'ಚತುಷ್ಕ'ದ ತದ್ಭವ. ಅದಿರಲಿ, 510510ನ್ನೇ ಓದಿ ನೋಡಿ: ಐದು ಲಕ್ಷ ಹತ್ತು ಸಾವಿರದ ಐನೂರ ಹತ್ತು. ಐದು, ಹತ್ತು, ನೂರು ನಮ್ಮವು. ಲಕ್ಷ ಸಂಸ್ಕೃತ, ಸಾವಿರ 'ಸಹಸ್ರ' ಸವೆದು ಬಂದದ್ದು. ಎರವಲನ್ನು ಹೊರಗಿಟ್ಟರೆ ಈ ಸಂಖ್ಯೆಯ ಹೆಸರನ್ನೇ ಹೇಳಲಾಗದು. ಇಂಗ್ಲಿಷಿನಲ್ಲಿ ಆಕೃತಿಗೂ ಗುಣಲಬ್ಧಕ್ಕೂ ಒಂದೇ ಪದ. ನಮ್ಮ ಪಾಠಗಳಲ್ಲಿ ಚೌಕ ಆಕೃತಿ, ವರ್ಗ ಸಂಖ್ಯೆ. ಇಷ್ಟು ಚೆನ್ನಾಗಿ ಬೇರೆಯಾದುದನ್ನು ಮತ್ತೆ ಕಲಸುವುದೇಕೆ? ನಿಷೇಧರೂಪದ ಮಾತನ್ನು ಮಾತ್ರ ಒಪ್ಪುತ್ತೇನೆ.

ಅಂದಹಾಗೆ, 714 × 715 ಕೂಡ 510510. ಭಿತ್ತಿಪತ್ರದಲ್ಲಿ ಇದನ್ನು ಬಿಡಬೇಡಿ.

> ನಿಷೇಧರೂಪದ ಮಾತನ್ನು ಮಾತ್ರ ಒಪ್ಪುತ್ತೇನೆ

'ವರ್ಗ ಹೊಗದ ಸಂಖ್ಯೆ' ಎಂದು ಬರೆದು, ಕೆಳಗೆ ಒಂದು ಸಾಲಿನ ವಿವರಣೆ ಕೊಟ್ಟು ಕಳುಹಿಸಿದೆ. 714ರ ಮಾತನ್ನೂ ಸೇರಿಸಿದ್ದೇನೆ: ಅದರಲ್ಲಿ 2, 3, 7, 17, 715ರಲ್ಲಿ 5, 11, 13, ಎರಡೂ ಕಡೆ ಮೊತ್ತ 29. 'ಸಮೃದ್ಧ'ಕ್ಕೆ ಯಾರೂ ಆಕ್ಷೇಪ ಹೇಳದ ಕಾರಣ ಹಾಗೆಯೇ ಉಳಿಸಿದ್ದೇನೆ.